ಚಪ್ಪಲಿ ಹಾಕು, ಹೊರಗೆ ನಡಿ

ನನ್ನ ತಮ್ಮನಿಗೆ ಮಕ್ಕಳು ಇಟ್ಟ ಹೆಸರು ಪೀಪಿ ಮೇಷ್ಟ್ರು. ಶಾಲೆಯ ಮೈದಾನದಲ್ಲಿ ನಿಂತು ಪೀಪಿ ಊದಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಡಗಾಲು ಬಲಗಾಲು ಹೇಳಿಕೊಡುತ್ತಲೇ ಅವನ ತಲೆ ನೆರೆಯಿತು. ನಿವೃತ್ತಿಯಾದ ಮೇಲೂ ಚಾಳಿ ಬಿಡಲಿಲ್ಲ. ಅಂಗಡಿಯ ಮುಂದೆ ನಾಲ್ಕು ಜನ ಅಡ್ಡಾದಿಡ್ಡಿ ನಿಂತಿದ್ದರೆ ಅವನ ಕೈ ಜೇಬಿನಲ್ಲಿ ಪೀಪಿ ಹುಡುಕುತ್ತಿತ್ತು. ಅಂಥವನು ಒಂದು ದಿನ ಊಟಕ್ಕೆ ಕೂತಾಗ, ಹೆಂಡತಿಯನ್ನು ಹೊಡೆಯುವ ಗಂಡಸರಿಗೆ ಕೌನ್ಸೆಲಿಂಗ್ ಮಾಡುವ ಕೆಲಸಕ್ಕೆ ಸೇರಿಕೊಂಡೆ ಎಂದ. ನನಗೆ ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು.

ಉರಿಯಲು ಕಾರಣವಿತ್ತು. ನಾನು ನರ್ಸ್ ಆಗಿದ್ದವಳು. ಮೆಟ್ಟಿಲಿಂದ ಬಿದ್ದೆ ಎಂದುಕೊಂಡು ಬರುವ ಹೆಂಗಸರನ್ನು ನೋಡಿ ನೋಡಿ, ಕೆಲವು ಮನೆಗಳ ಮೆಟ್ಟಿಲಿಗೆ ಐದು ಬೆರಳಿರುತ್ತವೆ ಎಂದು ಕಲಿತವಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಹೊಟ್ಟೆ ತುಂಬ ಉಂಡ ಯಾವನೋ ಗಂಡಸೇ ಕಟ್ಟಿರಬೇಕು. ತುಟಿಗೆ ಹೊಲಿಗೆ ಬಿದ್ದವಳು ಉಣ್ಣುವುದು ಹೇಗೆ, ಪಕ್ಕೆಲುಬು ಮುರಿದವಳು ಮಲಗುವುದು ಹೇಗೆ ಎಂದು ಆ ಮಹಾರಾಯ ಹೇಳಿಲ್ಲ. ನಾಯಿ ಬಾಲಕ್ಕೆ ದಬ್ಬೆ ಕಟ್ಟುವ ಕೆಲಸ ನಿನಗ್ಯಾಕೋ ಎಂದು ತಮ್ಮನನ್ನು ಬೈದೆ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅವರೂ ನನ್ನ ಮೈದಾನದಿಂದಲೇ ಹೋದೋರು ಅಕ್ಕ," ಎಂದ. "ಸಾಲಲ್ಲಿ ನಿಲ್ಲೋದು ಹೇಳ್ಕೊಟ್ಟೆ. ಮನೇಲಿ ಹೇಗಿರ್ಬೇಕು ಅಂತ ಹೇಳ್ಕೊಡಲಿಲ್ಲ."

ಮಾತಿನಲ್ಲಿ ಅವನನ್ನು ಗೆಲ್ಲುವುದು ಅಷ್ಟರಲ್ಲೇ ಇದೆ. ಹಟಕ್ಕೆ ಬಿದ್ದರೆ ನಮ್ಮಪ್ಪನ ಪಡಿಯಚ್ಚು. ತರಬೇತಿಗೆ ಹೋಗಿ ಬಂದ, ಕನ್ನಡಕ ಬದಲಿಸಿದ, ಪೀಪಿಯನ್ನು ಮೇಜಿನ ಖಾನೆಯೊಳಗೆ ಹಾಕಿದ. ಮನೆಯಲ್ಲಿ ಇರುವುದು ನಾವಿಬ್ಬರೇ. ಅವನ ಹೆಂಡತಿ ಕಾಯಿಲೆ ಬಂದು ಹೋಗಿ ಬಹಳ ಕಾಲವಾಯಿತು; ನಾನು ಮದುವೆಯ ಗೊಡವೆಗೇ ಹೋಗದವಳು. ಹಗಲು ಕೇಳಿದ್ದನ್ನು ಸಂಜೆ ಎಲ್ಲಾದರೂ ಇಳಿಸಬೇಕಲ್ಲ, ಹೆಸರು ಹೇಳದೆ ನನ್ನ ಮುಂದೆ ಇಳಿಸುತ್ತಿದ್ದ. ಈ ಕಥೆ ನನಗೆ ಗೊತ್ತಾದದ್ದು ಹಾಗೆ.

ಅದು ಹೆಂಗಸರ ಸಹಾಯ ಕೇಂದ್ರ. ಮುಂದಿನ ರಸ್ತೆಯಿಂದ ಹೆಂಗಸರು ಬಂದು ಮಹಡಿ ಹತ್ತುತ್ತಾರೆ. ಹಿಂದಿನ ಓಣಿಯಿಂದ ಗಂಡಸರು ಬಂದು ಹಳೆಯ ಉಗ್ರಾಣದ ಕೋಣೆಗೆ ಹೋಗುತ್ತಾರೆ. ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ತೇವದ ಕಲೆ. ಗಂಡಸರನ್ನು ಕಳಿಸುವುದು ಕೋರ್ಟು. ವಾರಕ್ಕೊಮ್ಮೆ ಇಲ್ಲಿ ಬಂದು ಕೂರಬೇಕು, ಇಲ್ಲವಾದರೆ ಜೈಲಿನಲ್ಲಿ ಕೂರಬೇಕು. ಬಂದವರಲ್ಲಿ ಬಸ್ಸು ಓಡಿಸುವವನಿದ್ದ, ಬ್ಯಾಂಕಿನಲ್ಲಿ ಟೈ ಕಟ್ಟಿಕೊಂಡು ಕೂರುವವನಿದ್ದ, ಔಷಧಿ ಅಂಗಡಿಯವನಿದ್ದ. ಬೇರೆ ಬೇರೆ ಬಾಯಿ, ರಾಗ ಒಂದೇ: ಅವಳು ಸುಮ್ಮನಿದ್ದಿದ್ದರೆ ನಾನ್ಯಾಕೆ ಕೈ ಎತ್ತುತ್ತಿದ್ದೆ.

ತಮ್ಮ ಓದಿಕೊಂಡು ಬಂದ ಪಾಠದಲ್ಲಿ ಇನ್ನೂ ಏನೇನೋ ಇತ್ತು. ಆದರೆ ಡ್ರಿಲ್ ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ಎಲ್ಲವನ್ನೂ ಹಿಂಡಿ ಮೂರು ಆಜ್ಞೆ ಮಾಡಿದ. ಸಿಟ್ಟು ಏರಿತು ಅನ್ನಿಸಿದ ಕೂಡಲೇ ಬಾಯಿ ಮುಚ್ಚು, ಚಪ್ಪಲಿ ಹಾಕು, ಹೊರಗೆ ನಡಿ. ಬೀದಿಯಲ್ಲಿ ಸುತ್ತು ಹೊಡೆದು, ತಲೆ ತಣ್ಣಗಾದ ಮೇಲೆ ವಾಪಸ್ ಬಾ. ಚಪ್ಪಲಿ ಕೈಗೆ ಸಿಕ್ಕರೆ ಅದರಲ್ಲೇ ಹೊಡೀತೀನಲ್ಲ ಸಾರ್ ಎಂದು ಬಸ್ಸಿನವನು ಹಲ್ಲು ಕಿರಿದನಂತೆ. ಕಾಲಿಗೆ ಹಾಕು ಅಂದೆ, ಕೈಗಲ್ಲ ಎಂದು ಇವನು ಗದರಿದ. ಆಮೇಲೆ ಅದೇ ಅಲ್ಲಿನ ಭಾಷೆಯಾಯಿತು. ಪ್ರತಿಯೊಬ್ಬನೂ ಬಂದು ಕೂತ ಕೂಡಲೇ, ಈ ವಾರ ಚಪ್ಪಲಿ ಹಾಕಿದ್ರಾ ಎಂದು ಇವನು ಕೇಳಬೇಕು. ಹಾಕಿದೆ ಸಾರ್ ಅಥವಾ ಹಾಕಲಿಲ್ಲ ಸಾರ್ ಎಂದು ಅವನು ಹೇಳಬೇಕು. ಹಾಕಲಿಲ್ಲ ಅಂದರೆ ಆ ಮನೆಯಲ್ಲಿ ಆ ವಾರ ಏಟು ಬಿದ್ದಿದೆ ಎಂದರ್ಥ.

ಬಡಗಿ ಬಂದದ್ದು ಆಗ. ಬಾಗಿಲು ಕಿಟಕಿ ಮಾಡುವುದರಲ್ಲಿ ಎತ್ತಿದ ಕೈ. ಹೆಂಡತಿಯ ಮೇಲೂ ಅದೇ ಕೈ ಎತ್ತಿ ಅವಳ ಬಲ ಮಣಿಕಟ್ಟು ಮುರಿದಿದ್ದ. ಅವಳು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ಕಾಲರ್ ಹೊಲಿಯುವವಳು. ಮಗಳನ್ನು ಕರೆದುಕೊಂಡು ತವರಿಗೆ ಹೋಗಿಬಿಟ್ಟಿದ್ದಳು. ಮೊದಮೊದಲು ಬಡಗಿ ಬಾಯಿಯನ್ನೇ ಬಿಡಲಿಲ್ಲವಂತೆ. ಕೂತಲ್ಲಿಂದ ಬಾಗಿಲನ್ನೇ ನೋಡುವುದು, ಎದ್ದು ಹೋಗುವುದು. ಒಂದು ದಿನ, ಬಾಗಿಲು ಚೌಕಟ್ಟಿಗೆ ಕೂರುತ್ತಿಲ್ಲ ಸಾರ್, ನೋಡೋಕಾಗ್ತಿಲ್ಲ ಎಂದವನು, ಮುಂದಿನ ವಾರ ಉಳಿ, ಉಜ್ಜುಗೊರಡು ಎಲ್ಲ ತಂದು ಸರಿಮಾಡಿ, ಹೊಸ ಚಿಲಕ ಹಾಕಿಕೊಟ್ಟ. ಒಳಗೊಂದು, ಹೊರಗೊಂದು. ಹೊರಗೆ ಯಾಕಪ್ಪಾ ಎಂದು ನನ್ನ ತಮ್ಮ ಕೇಳಿದ್ದಕ್ಕೆ, ಬಾಗಿಲು ಅಂದ ಮೇಲೆ ಎರಡೂ ಕಡೆ ಇರಬೇಕಲ್ವಾ ಸಾರ್ ಎಂದನಂತೆ.

ಆ ಕೆಲಸ ಮಾಡುತ್ತ, ಬೆನ್ನು ತಿರುಗಿಸಿಕೊಂಡೇ ಅವನು ಮಾತಾಡಲು ಶುರು ಮಾಡಿದ. ಅಪ್ಪ ಅಳತೆಪಟ್ಟಿಯಲ್ಲಿ ಹೊಡೆಯುತ್ತಿದ್ದದ್ದು, ಅಮ್ಮ ನೋಡಿಯೂ ನೋಡದ ಹಾಗೆ ಪಾತ್ರೆ ತೊಳೆಯುತ್ತಿದ್ದದ್ದು, ಹೆಂಡತಿ ಯಾರ ಜೊತೆ ನಕ್ಕರೂ ಇವಳು ಬಿಟ್ಟು ಹೋಗುತ್ತಾಳೆ ಎಂದು ತಾನು ಹೆದರುತ್ತಿದ್ದದ್ದು. ಹುಟ್ಟಿದಂದಿನಿಂದ ಯಾರಿಗೂ ಹೇಳದ್ದನ್ನು ಈ ಪೀಪಿ ಮೇಷ್ಟ್ರಿಗೆ ಹೇಳಿ, ಉಜ್ಜುಗೊರಡಿನ ಮೇಲೆ ತಲೆಯಿಟ್ಟು ಅತ್ತ. ಇಷ್ಟು ದಿನ ಎಲ್ಲರಿಗೂ ನೀವು ಎನ್ನುತ್ತಿದ್ದ ನನ್ನ ತಮ್ಮ ಬಡಗಿಯನ್ನು ಮಾತ್ರ ನೀನು ಎನ್ನತೊಡಗಿದ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನೀನು ಹೆರದೇ ಇದ್ದರೂ ಹೀಗೆ ಎಂದು ನಾನು ರೇಗಿಸುತ್ತಿದ್ದೆ. ಮಿಕ್ಕವರೆಲ್ಲ ಇವನ ಕಣ್ಣೆದುರಿಗೇ ಹಳೆಯ ದಾರಿ ಹಿಡಿಯುತ್ತಿದ್ದರು. ಬ್ಯಾಂಕಿನವನ ಹೆಂಡತಿ ಆಸ್ಪತ್ರೆ ಸೇರಿದ್ದಳು. ಒಬ್ಬನಾದರೂ ದಡ ಸೇರಲಿ ಎಂದು ನನ್ನ ತಮ್ಮ ಈ ಬಡಗಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಯಾರು ಯಾರನ್ನು ದಡ ಸೇರಿಸುತ್ತಿದ್ದರು ಎಂದು ನನಗೆ ಆಗಲೇ ಸಂಶಯವಿತ್ತು.

ವಾಪಸ್ ಹೋಗುತ್ತಾಳಾ ಎಂದು ಕೇಳಲು ಬಡಗಿಯ ಹೆಂಡತಿಯನ್ನು ತವರಿಂದ ಮಹಡಿಗೆ ಕರೆಸಿದರು. ಹೆಂಗಸರ ಕಡೆಯನ್ನು ನೋಡಿಕೊಳ್ಳುವ ಮೇಡಂ ಅವಳ ಪಕ್ಕದಲ್ಲಿ ಕೂತಿದ್ದರು. ಅವಳು ನನ್ನ ತಮ್ಮನ ಮುಖ ನೋಡಿ ಒಂದೇ ಮಾತು ಹೇಳಿದಳಂತೆ: "ನೀವು ಹೋಗು ಅಂದ್ರೆ ಹೋಗ್ತೀನಿ ಸಾರ್." ಇವನು ಹೋಗಮ್ಮಾ ಎಂದ. ಅವಳು ಮಗಳನ್ನು ಕರೆದುಕೊಂಡು ಗಂಡನ ಮನೆಗೆ ಹೋದಳು.

ಆಮೇಲಿನ ವಾರಗಳಲ್ಲಿ ತಮ್ಮ ನೆಲದ ಮೇಲೆ ಇರಲಿಲ್ಲ. ಚಪ್ಪಲಿ ಹಾಕಿದೆಯಾ ಎಂದರೆ, ಹಾಕಿದೆ ಸಾರ್ ಎನ್ನುತ್ತಿದ್ದ ಬಡಗಿ. ಒಂದು ವಾರವೂ ತಪ್ಪಿದ್ದಿಲ್ಲ. ಮೇಡಂ ಅವನ ಹೆಂಡತಿಗೆ ಫೋನ್ ಮಾಡಿ, ಹೊಡೆಯುತ್ತಾನಾ ಎಂದು ಕೇಳುವರು. ಇಲ್ಲ, ಹೊಡೆಯಲ್ಲ ಎಂದು ಅವಳು ಹೇಳುವಳು. ಕಾರ್ಖಾನೆ ಬಿಟ್ಟು ಮನೆಯಲ್ಲೇ ಇದ್ದಾಳೆ ಎಂದೂ ತಿಳಿಯಿತು. ಕೈ ನೋವಿರಬೇಕು, ವಿಶ್ರಾಂತಿಯಾಗಲಿ ಎಂದುಕೊಂಡರು. ಕೋರ್ಟು ಅವನಿಗೆ ಹಾಕಿದ ಒಂದು ವರ್ಷ ಮುಗಿಯುತ್ತ ಬಂದಿತ್ತು. ಈ ಮನುಷ್ಯ ಸರಿಹೋದ ಎಂದು ನನ್ನ ತಮ್ಮ ಒಂದು ಮಾತು ಹೇಳಿದರೆ ಕೇಸು ಮುಚ್ಚುತ್ತದೆ. ಆಮೇಲೆ ಫೋನ್ ಮಾಡುವವರಿಲ್ಲ, ಕೇಳುವವರಿಲ್ಲ. ಆ ಹೆಂಗಸಿನ ಬಾಕಿ ಬದುಕೆಲ್ಲ ಇವನ ಆ ಒಂದು ಮಾತಿನ ಮೇಲೆ ನಿಂತಿತ್ತು. ಹೇಳುವ ಮುಂಚೆ ಒಂದು ಸಲ ಮನೆಗೆ ಹೋಗಿ ನೋಡಬೇಕೆಂಬ ನಿಯಮವಿತ್ತು, ಪುಣ್ಯಕ್ಕೆ.

ಮನೆ ಎಂದರೆ ಒಂದೇ ಕೋಣೆ. ಗೋಡೆಯ ಪಕ್ಕ ಮಂಚ, ಮೂಲೆಯಲ್ಲಿ ಒಲೆ, ಸರಳು ಹಾಕಿದ ಒಂದು ಕಿಟಕಿ. ಕಕ್ಕಸು ಹೊರಗೆ, ಸಾಲುಮನೆಗಳವರಿಗೆಲ್ಲ ಸೇರಿ ಒಂದೇ. ಬಾಗಿಲು ಮಾತ್ರ ಅರಮನೆಗೆ ಹೇಳಿ ಮಾಡಿಸಿದ ಹಾಗಿತ್ತಂತೆ, ಬಡಗಿ ಸ್ವಂತ ಕೈಯಿಂದ ಮಾಡಿದ್ದು. ಅವನಿಗೆ ಕೈಕಾಲು ನಿಲ್ಲುತ್ತಿಲ್ಲ. ಇದ್ದ ಒಂದು ಕುರ್ಚಿಯನ್ನು ಟವೆಲಿನಿಂದ ಒರೆಸಿ ಮೇಷ್ಟ್ರನ್ನು ಕೂರಿಸಿದ. ಹೆಂಡತಿ ಚಹಾಕ್ಕೆ ನೀರಿಟ್ಟಳು. ಮಗಳು ಪುಟ್ಟಿ ಗೋಡೆಗೆ ಒರಗಿ ನಿಂತಿದ್ದಳು. ನನ್ನ ತಮ್ಮ ಶಾಲೆಯ ಮೇಷ್ಟ್ರಲ್ಲವೇ, ಮಗುವನ್ನು ಕಂಡರೆ ಪರೀಕ್ಷೆ ಮಾಡದಿದ್ದರೆ ನಿದ್ದೆ ಬರುವುದಿಲ್ಲ. ಅಪ್ಪನಿಗೆ ಸಿಟ್ಟು ಬಂದರೆ ಏನು ಮಾಡುತ್ತಾರೆ ಪುಟ್ಟಿ ಎಂದು ಕೇಳಿದ. ಅವಳು ಅಮ್ಮನ ಮುಖ ನೋಡಿದಳು. ಬಡಗಿಯೇ ನಕ್ಕು, ತಡೀರಿ ಸಾರ್, ಮಾಡೇ ತೋರಿಸ್ತೀನಿ ಎಂದ.

ಮಾಡಿ ತೋರಿಸಿದ. ತುಟಿ ಬಿಗಿದ. ಬಾಗಿಲ ಬಳಿ ಬಗ್ಗಿ ಚಪ್ಪಲಿ ಮೆಟ್ಟಿದ. ಹೊರಗೆ ಹೋದ. ಬಾಗಿಲು ಎಳೆದುಕೊಂಡ. ಹೊರಗಿನಿಂದ ಚಿಲಕ ಬಿದ್ದ ಸದ್ದು ಬಂತು.

ತಮಾಷೆಗೆ ಹಾಕಿದ ಎಂದುಕೊಂಡು ನನ್ನ ತಮ್ಮ ನಗುತ್ತಲೇ ಕೂತಿದ್ದ. ಆಗ ಪುಟ್ಟಿ ಗೋಡೆ ಬಿಟ್ಟು ಹೋಗಿ ಒಲೆ ಆರಿಸಿದಳು. ಕುದಿಯುತ್ತಿದ್ದ ನೀರು ಸುಮ್ಮನಾಯಿತು. ಮಂಚದ ಕೆಳಗಿನಿಂದ ಒಂದು ಬಕೆಟ್ಟು, ಮುಚ್ಚಳ, ನೀರಿನ ಬಾಟಲಿ ಎಳೆದು ಇಟ್ಟು, ತನ್ನ ಚಿತ್ರದ ಪುಸ್ತಕ ಹಿಡಿದು ಕಿಟಕಿಯ ಕೆಳಗೆ ಕೂತಳು. ಯಾರೂ ಅವಳಿಗೆ ಏನೂ ಹೇಳಿರಲಿಲ್ಲ. ಒಲೆ ಯಾಕಮ್ಮಾ ಆರಿಸಿದೆ ಎಂದು ಇವನು ಕೇಳಿದ.

"ಬೆಂಕಿ ಹತ್ತಿಕೊಂಡ್ರೆ ಓಡೋಕಾಗಲ್ಲ," ಎಂದಿತು ಮಗು.

ಇವನು ಎದ್ದು ಬಾಗಿಲು ಎಳೆದು ನೋಡಿದ. ಅರಮನೆಯ ಬಾಗಿಲು, ಅಲುಗಲಿಲ್ಲ. ದಿನಾ ಹೀಗೇನಾ ಎಂದು ಹೆಂಡತಿಯನ್ನು ಕೇಳಿದ. ಸಿಟ್ಟು ಬಂದಾಗೆಲ್ಲ ಎಂದಳು. ಒಮ್ಮೊಮ್ಮೆ ಬೇಗ ಬರುತ್ತಾನೆ, ಒಮ್ಮೊಮ್ಮೆ ಹಾಗೇ ಕೆಲಸಕ್ಕೆ ಹೋದವನು ಸಂಜೆಗೇ ಬರುವುದು. ಹಾಗಾಗಿ ಕಾರ್ಖಾನೆಗೆ ತಪ್ಪಿ ತಪ್ಪಿ, ಅವರು ಬೇಡ ಎಂದರು. ಮಗುವಿಗೆ ಜ್ವರ ಸುಡುತ್ತಿದ್ದ ದಿನವೂ ಹೀಗೇ ಆಗಿತ್ತು. ಅಕ್ಕಪಕ್ಕದವರು ಕಿಟಕಿಯಲ್ಲಿ ಬಂದು ಮಾತಾಡಿಸುತ್ತಾರೆ, ಬೇಕಾದರೆ ಮಾತ್ರೆ ತಂದು ಸರಳಿನೊಳಗಿಂದ ಕೊಡುತ್ತಾರೆ. ಹಾಕಿರುವುದು ಬೀಗವಲ್ಲ, ಬರೀ ಚಿಲಕ. ಯಾರು ಬೇಕಾದರೂ ತೆಗೆಯಬಹುದು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಯಾರೂ ತೆಗೆಯಲಿಲ್ಲ.

ಮೇಡಂ ಫೋನ್ ಮಾಡಿದಾಗ ಯಾಕೆ ಹೇಳಲಿಲ್ಲ ಎಂದು ನನ್ನ ತಮ್ಮ ಕೇಳಿದ. ಅವರು ಕೇಳಿದ್ದು ಹೊಡೆಯುತ್ತಾನಾ ಅಂತ ಎಂದಳು ಅವಳು. ಆಮೇಲೆ, ತನಗೇ ಹೇಳಿಕೊಳ್ಳುವವಳ ಹಾಗೆ, ಸೆರಗಿನಿಂದ ಮಣಿಕಟ್ಟು ಒರೆಸಿಕೊಳ್ಳುತ್ತ ಇಷ್ಟು ಹೇಳಿದಳು:

"ಹೊಡೀತಿದ್ದಾಗ ಬಾಗಿಲಾದ್ರೂ ತೆಗ್ದಿರ್ತಿತ್ತು ಸಾರ್."

ವಾರ್ಡಿನಲ್ಲಿ ಏನೇನೋ ಕೇಳಿದವಳು ನಾನು, ಇಂಥದ್ದನ್ನು ಕೇಳಿರಲಿಲ್ಲ.

ಹೊರಗೆ ಅವನ ಹೆಜ್ಜೆ ಯಾವ ಗಳಿಗೆಯಲ್ಲಾದರೂ ಕೇಳಬಹುದಿತ್ತು. ನನ್ನ ತಮ್ಮ ದನಿ ಇಳಿಸಿ, ಇಲ್ಲಿಂದ ಹೋಗುತ್ತೀಯಾ ಎಂದು ಕೇಳಿದ. ನೀವೇ ಕಳಿಸಿದಿರಿ, ಈಗ ಎಲ್ಲಿಗೆ ಹೋಗಲಿ ಎಂದಳು. ತವರು ಅವನಿಗೆ ಗೊತ್ತಿರುವ ಜಾಗ. ಅವನಿಗೆ ಗೊತ್ತಿಲ್ಲದ ಜಾಗವೊಂದಿದೆ, ಮೇಡಂ ಕರೆದುಕೊಂಡು ಹೋಗುತ್ತಾರೆ, ವಾರದ ಕ್ಲಾಸಿನ ದಿನ ಅವನು ನನ್ನ ಎದುರು ಕೂತಿರುವಾಗ ಅವರು ಬರುತ್ತಾರೆ, ಬಟ್ಟೆ ಕಟ್ಟಿಡಬೇಡ, ಅವನ ಕಣ್ಣಿಗೆ ಬೀಳುತ್ತದೆ ಎಂದ. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಒಮ್ಮೆ ನಂಬಿ ಕೆಟ್ಟವಳು, ಇನ್ನೊಮ್ಮೆ ನಂಬಲು ಹೊತ್ತು ಬೇಕಲ್ಲ. ಆ ಹೊತ್ತು ಸಿಗಲಿಲ್ಲ, ಚಿಲಕ ಸರಿದ ಸದ್ದಾಯಿತು.

ಬಡಗಿ ನಗುಮುಖದಿಂದ ಒಳಗೆ ಬಂದ. ಕೈಯಲ್ಲಿ ಮೇಷ್ಟ್ರಿಗೆಂದು ತಂದ ಬಿಸ್ಕತ್ತಿನ ಪೊಟ್ಟಣ. "ಹೀಗೇ ಸಾರ್," ಎಂದ. "ಒಂದು ಸುತ್ತು ಹೋಗಿ ಬಂದ್ರೆ ತಲೆ ತಣ್ಣಗಾಗುತ್ತೆ. ನೀವು ಹೇಳ್ಕೊಟ್ಟಿದ್ದು." ಅವನ ಮುಖದಲ್ಲಿ ಕಳ್ಳತನವಿರಲಿಲ್ಲ, ಮುಚ್ಚುಮರೆ ಇರಲಿಲ್ಲ. ಬಹುಮಾನಕ್ಕೆ ಕಾದ ಹುಡುಗನ ಮುಖ. ಅದನ್ನೇ ತಾಳಲಾಗಲಿಲ್ಲ ಅಕ್ಕ ಎಂದ ನನ್ನ ತಮ್ಮ. ಅಲ್ಲೇ ಕೂರಿಸಿ ಕೇಳಬಹುದಿತ್ತು. ಕೇಳಿ ಎದ್ದು ಬಂದರೆ, ಬಾಗಿಲು ಹಾಕಿದ ಮೇಲೆ ಒಳಗಿರುವವಳು ಅವಳು. ಅತ್ತ ದರಿ ಇತ್ತ ಪುಲಿ. ಇವನು ಬಿಸ್ಕತ್ತು ಬಾಯಿಗಿಟ್ಟುಕೊಂಡು, ಬಡಗಿಯ ಬೆನ್ನು ತಟ್ಟಿ, ಚೆನ್ನಾಗಿ ಮಾಡಿದ್ದೀಯ ಎಂದ. ಅವಳು ನೋಡುತ್ತಿದ್ದಳು. ತನಗೆ ಹೇಳಿದ್ದು ನಾಟಕವೋ, ಗಂಡನಿಗೆ ಹೇಳಿದ್ದು ನಾಟಕವೋ ಎಂದು ಅವಳಿಗೆ ಗೊತ್ತಾಗುವಂತಿರಲಿಲ್ಲ.

ಕ್ಲಾಸಿನ ದಿನ ಬರುವ ತನಕ ತಮ್ಮ ಮನೆಯಲ್ಲಿ ಒಂದು ಕಡೆ ಕೂರಲಿಲ್ಲ. ನಮ್ಮ ಮನೆಯ ಬಾಗಿಲನ್ನೂ ಹಾಕಲು ಬಿಡುತ್ತಿರಲಿಲ್ಲ. ಸೊಳ್ಳೆ ಬರುತ್ತದೆ ಎಂದರೂ ಬರಲಿ ಎನ್ನುತ್ತಿದ್ದ. ಮೇಡಂಗೆ ಹೇಳಿದ. ಅವರು ಇವನನ್ನು ಬೈಯಲಿಲ್ಲ, ತಾವೂ ಒಂದೇ ಪ್ರಶ್ನೆ ಕೇಳುತ್ತಿದ್ದದ್ದನ್ನು ನೆನೆದು ತಲೆ ಹಿಡಿದುಕೊಂಡರಂತೆ. ಕೋರ್ಟಿಗೆ ಏನು ಹೇಳಬೇಕೆಂದು ಇಬ್ಬರೂ ಕೂತು ಬರೆದರು. ಸರಿಹೋದ ಎಂಬ ಮಾತು ಅದರಲ್ಲಿ ಇರಲಿಲ್ಲ.

ಆ ದಿನ ಬಡಗಿ ಹೊತ್ತಿಗೆ ಸರಿಯಾಗಿ ಬಂದ. ಚಪ್ಪಲಿ ಹಾಕಿದೆಯಾ ಎಂದು ನನ್ನ ತಮ್ಮ ಎಂದಿನಂತೆ ಕೇಳಿದ. ಕೇಳದಿದ್ದರೆ ಸಂಶಯ ಬರುತ್ತಿತ್ತು.

"ಹಾಕಿದೆ ಸಾರ್. ಬೆಳಿಗ್ಗೆ ಸ್ವಲ್ಪ ಮಾತಿಗೆ ಮಾತು ಬೆಳೀತು. ಚಪ್ಪಲಿ ಹಾಕ್ಕೊಂಡು ನೇರ ಇಲ್ಲಿಗೇ ಬಂದೆ."

ಅಂದರೆ ಆ ಹೊತ್ತಿನಲ್ಲಿ ಚಿಲಕ ಬಿದ್ದಿತ್ತು. ಮಗು ಒಲೆ ಆರಿಸಿ ಕೂತಿತ್ತು. ಮೇಡಂ ಆ ಬೀದಿಯ ಕಡೆ ನಡೆಯುತ್ತಿದ್ದರು. ನನ್ನ ತಮ್ಮ ಬಡಗಿಯನ್ನು ಮಾತಿನಲ್ಲಿ ಕಟ್ಟಿ ಹಾಕಿದ. ಅಪ್ಪನ ಅಳತೆಪಟ್ಟಿಯ ವಿಷಯ ಮತ್ತೆ ತೆಗೆದ. ಬಡಗಿ ಮತ್ತೆ ಅತ್ತ. ಹೊತ್ತಾಯಿತು, ಹೋಗಲಾ ಸಾರ್ ಎಂದಾಗ, ಇನ್ನೊಂದು ಸ್ವಲ್ಪ ಕೂತುಕೋ, ಇವತ್ತು ನೀನು ಬಹಳ ಚೆನ್ನಾಗಿ ಮಾತಾಡುತ್ತಿದ್ದೀಯ ಎಂದ. ನಂಬಿದವನ ಕಣ್ಣೀರನ್ನು ಹೀಗೆ ಬಳಸಿಕೊಂಡೆನಲ್ಲ ಎಂದು ಈಗಲೂ ಒಮ್ಮೊಮ್ಮೆ ಹೇಳುತ್ತಾನೆ. ನಾನು ಈ ವಿಷಯದಲ್ಲಿ ಅವನಿಗೆ ಒಂದು ಚೂರೂ ಸಮಾಧಾನ ಹೇಳುವುದಿಲ್ಲ, ಯಾಕೆಂದರೆ ನನ್ನ ಲೆಕ್ಕದಲ್ಲಿ ಇವನು ಆ ವರ್ಷವೆಲ್ಲ ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಬಡಗಿ ಮನೆಗೆ ಹೋದಾಗ ಬಾಗಿಲು ತೆರೆದಿತ್ತು. ಬಕೆಟ್ಟು, ಬಾಟಲಿ ಇದ್ದ ಜಾಗದಲ್ಲೇ ಇದ್ದವು. ಅವನು ತವರಿಗೆ ಓಡಿದ, ಕಾರ್ಖಾನೆಗೆ ಓಡಿದ, ಆಸ್ಪತ್ರೆಗೆ ಓಡಿದ. ಕೊನೆಗೆ ಕೇಂದ್ರದ ಹಿಂದಿನ ಓಣಿಗೆ ಬಂದು, ಗೇಟು ಹಿಡಿದು ಕೂತ. ಕಾವಲಿನವನು ಎಬ್ಬಿಸಿ ಕಳಿಸಿದ. ಅವನು ಕತ್ತಿ ಹಿಡಿದು ಬರುತ್ತಾನೆ, ನೀನು ನಾಲ್ಕು ದಿನ ರಜೆ ಹಾಕು ಎಂದು ನಾನು ತಮ್ಮನಿಗೆ ಹೇಳಿದೆ. ಮುಂದಿನ ವಾರ ಅವನು ಬರಿಗೈಯಲ್ಲಿ ಬಂದ. ಬೇರೆ ಇನ್ಯಾರ ಹತ್ತಿರ ಹೋಗುತ್ತಾನೆ ಹೇಳಿ? ಅವನಿಗೆ ಮಾತಾಡಲು ಇದ್ದವನು ಇವನೊಬ್ಬನೇ.

ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಕೂತುಕೊಳ್ಳಿ ಎಂದ ನನ್ನ ತಮ್ಮ.

"ಈಗ ಕೂತ್ಕೊಳ್ಳಿ ಅಂತೀರಾ ಸಾರ್. ನೀನು ಅಂತಿದ್ರಿ," ಎಂದ ಅವನು.

ನಿಮ್ಮ ಹೆಂಡತಿ ಮಗಳು ಕ್ಷೇಮವಾಗಿದ್ದಾರೆ, ಎಲ್ಲಿ ಎಂದು ಮಾತ್ರ ಕೇಳಬೇಡಿ ಎಂದ ನನ್ನ ತಮ್ಮ. ಬಡಗಿ ಕೂಗಾಡಲಿಲ್ಲ. ಅವಳಿಗೆ ಒಂದು ಏಟು ಹಾಕಿಲ್ಲ ಸಾರ್ ಎಂದ. ಮಗಳ ಮೇಲೆ ಆಣೆ ಮಾಡಿದ. ಹಾಕಿಲ್ಲ, ನನಗೆ ಗೊತ್ತು, ಚಿಲಕ ಯಾಕೆ ಹಾಕಿದಿರಿ ಎಂದು ಇವನು ಕೇಳಿದ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲವಂತೆ.

"ಹೊರಗೆ ನಡಿ ಅಂದ್ರಿ, ನಡ್ದೆ. ಬಾಗಿಲು ತೆಗ್ದಿಡು ಅಂತ ಒಂದು ದಿನಾನಾದ್ರೂ ಹೇಳಿದ್ರಾ? ತೆಗ್ದಿಟ್ಟು ಹೋದ್ರೆ ಅವಳು ಹೊರಟು ಹೋಗ್ತಿದ್ಲು ಸಾರ್. ನಾನು ತಲೆ ತಣ್ಣಗೆ ಮಾಡ್ಕೊಂಡು ವಾಪಸ್ ಬರೋದು ಯಾರಿಗೋಸ್ಕರ? ಬಂದಾಗ ಅವಳು ಇರ್ಬೇಕಲ್ಲ."

ಅಷ್ಟು ಹೇಳಿ ಅವನು ಕುರ್ಚಿಯಿಂದ ಇಳಿದು ನನ್ನ ತಮ್ಮನ ಕಾಲು ಹಿಡಿದುಕೊಂಡ. ಎಲ್ಲಿದ್ದಾಳೆ ಹೇಳಿ, ದೂರದಿಂದ ನೋಡಿ ಬರುತ್ತೇನೆ, ಮಗಳನ್ನು ಒಂದು ಸಲ ನೋಡಿ ಬರುತ್ತೇನೆ. ಬಿಡಿಸಿಕೊಳ್ಳಲು ನೋಡಿದರೂ ಬಿಡಲಿಲ್ಲ. ಅದೇ ಮಾತು, ಅದೇ ಅಳು, ಮತ್ತೆ ಮತ್ತೆ. ನನ್ನ ತಮ್ಮನಿಗೆ ಆ ವಿಳಾಸ ಗೊತ್ತಿತ್ತು. ನಾಲಗೆಯ ತುದಿಗೇ ಬಂದು ನಿಂತಿತ್ತು ಅಕ್ಕ ಎಂದು ನನಗೆ ಹೇಳಿದ. ಮನಸ್ಸು ಕರಗಿ ಹೋಗಿತ್ತು. ಇನ್ನೊಂದು ಗಳಿಗೆ ಅಲ್ಲಿದ್ದರೆ ಹೇಳಿಬಿಡುತ್ತಿದ್ದೆ, ಇಲ್ಲವೇ ಅವನನ್ನು ಒದ್ದುಬಿಡುತ್ತಿದ್ದೆ, ಎರಡರಲ್ಲಿ ಯಾವುದು ಎಂದು ನನಗೇ ತಿಳಿಯದು ಎಂದ.

ಹಾಗಾಗಿ ತಾನು ಊರಿಗೆಲ್ಲ ಕಲಿಸಿದ್ದನ್ನೇ ಮಾಡಿದ. ಬಾಯಿ ಮುಚ್ಚಿದ. ಕಾಲು ಕಿತ್ತುಕೊಂಡು, ಚಪ್ಪಲಿ ಹಾಕಿ, ಹೊರಗೆ ನಡೆದ. ಬಾಗಿಲು ಎಳೆದುಕೊಂಡ. ಹಿಂದೆಯೇ ಬರುತ್ತಾನೆ ಎಂದು ಹೆದರಿದ. ಕೈ ತಾನಾಗಿ ಮೇಲೆ ಹೋಗಿ ಚಿಲಕ ಹಾಕಿತು.

ಬಡಗಿಯೇ ಕೂರಿಸಿದ ಚಿಲಕ. ಗಟ್ಟಿಯಾಗಿ, ನುಣ್ಣಗೆ ಹೋಗಿ ಕೂತಿತು. ಒಳಗೆ ಅಳು ಅರ್ಧಕ್ಕೆ ನಿಂತಿತು. ನನ್ನ ತಮ್ಮ ತನ್ನ ಕೈಯನ್ನೇ ನೋಡುತ್ತ ಅಂಗಳದಲ್ಲಿ ನಿಂತ. ಒಳಗಿನಿಂದ ಬಾಗಿಲು ತಟ್ಟುತ್ತಾನೆ ಎಂದು ಕಾದ, ತಟ್ಟಲಿಲ್ಲ. ಕರೆಯುತ್ತಾನೆ ಎಂದು ಕಾದ; ಕರೆಯಲಿಲ್ಲ. ಏನಾದರೂ ಮಾಡಿಕೊಂಡನೋ ಎಂದು ಹೆದರಿ ಚಿಲಕ ತೆಗೆದು ಬಾಗಿಲು ದೂಡಿದ.

ಬಡಗಿ ನೆಲದ ಮೇಲೆ, ಕೂತಲ್ಲೇ ಕೂತಿದ್ದ. ತಾನೇ ಕೆತ್ತಿ ಸರಿಮಾಡಿದ ಬಾಗಿಲನ್ನು ಯಾರದೋ ಕೈಕೆಲಸದಂತೆ ನೋಡುತ್ತಿದ್ದ.

"ಆ ಸದ್ದು," ಎಂದ. "ಒಳಗಿಂದ ನಾನು ಅದನ್ನ ಕೇಳೇ ಇರ್ಲಿಲ್ಲ ಸಾರ್."

ಇಷ್ಟೇ ಆದದ್ದು. ಅವನು ಎದ್ದು, ನನ್ನ ತಮ್ಮನ ಕಡೆ ನೋಡದೆ, ಓಣಿಯಲ್ಲಿ ಹೊರಟು ಹೋದ. ಕೋರ್ಟು ಅವನಿಗೆ ಇನ್ನೊಂದು ವರ್ಷ ಹಾಕಿದೆ. ಬರುತ್ತಾನೆ, ಕೂರುತ್ತಾನೆ, ಎಲ್ಲಿದ್ದಾಳೆ ಎಂದು ಈಗ ಕೇಳುವುದಿಲ್ಲ. ಕೇಳದಿರುವುದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ನನ್ನ ತಮ್ಮನಿಗೆ ಗೊತ್ತಿಲ್ಲ. ಹಿಂದಿನ ಸಲ ಗೊತ್ತಿದೆ ಅಂದುಕೊಂಡಿದ್ದ. ಚಪ್ಪಲಿಯ ಮಾತನ್ನು ಕೋಣೆಯಲ್ಲಿ ಯಾರೂ ಎತ್ತುವುದಿಲ್ಲ.

ಚಿಲಕ ಹಾಕಿದ ಆ ಸಂಜೆ ತಮ್ಮ ಮನೆಗೆ ಬಂದು ಕೈಕಾಲು ತೊಳೆದುಕೊಂಡ. ಕೈಯನ್ನು ಮಾತ್ರ ಮತ್ತೊಮ್ಮೆ ಹೋಗಿ ತೊಳೆದುಕೊಂಡು ಬಂದ. ಊಟಕ್ಕೆ ಕೂತ ಮೇಲೆ, ಬಡಗಿಗೆ ಕೊನೆಗೂ ಏನೋ ತಿಳಿದ ಹಾಗಿದೆ, ಇದನ್ನು ಅವನ ಹೆಂಡತಿಗೆ ಹೇಳಿಕಳಿಸಲಾ ಎಂದು ಕೇಳಿದ. ಅವನ ಕಣ್ಣಲ್ಲಿ ಆಸೆ ಇನ್ನೂ ಸತ್ತಿರಲಿಲ್ಲ. ನನಗೆ ಅವನ ಮೇಲೆ ಕರುಣೆಯೂ ಸಿಟ್ಟೂ ಒಟ್ಟಿಗೇ ಉಕ್ಕಿ ಬಂತು.

"ಏನಂತ ಹೇಳ್ತೀಯೋ?" ಎಂದೆ. "ಅವಳಿಗೆ ಆ ಸದ್ದು ಗೊತ್ತು."

ಅವನು ತಟ್ಟೆ ಸರಿಸಿ ಎದ್ದ. ನಾನು ಊಟಕ್ಕೆ ಒತ್ತಾಯ ಮಾಡಲಿಲ್ಲ.